ತಲೆ ಮೇಲೆ ಹೂಗ್ಲಿ ನದಿ

ಮಲ್ಪೆಯಲ್ಲಿ ನಮ್ಮಪ್ಪನ ಬೋಟಿಗೆ ಲೇಲ್ಯಾಂಡ್ ಇಂಜಿನ್ ಇತ್ತು. ಅದರ ಮಸಿ ಮೆತ್ತಿಕೊಂಡೇ ಬೆಳೆದವನು ನಾನು. ಹಡಗಿನಲ್ಲಿ ವೈಪರ್ ಕೆಲಸ, ಅಂದರೆ ಇಂಜಿನ್ ರೂಮು ಒರೆಸಿ ಸಹಾಯ ಮಾಡುವ ಕೆಲಸ, ಸಿಕ್ಕಾಗ ಅಷ್ಟೇನೂ ಹೆದರಿರಲಿಲ್ಲ. ಇಳಿದು ನೋಡಿದರೆ ಮೂರು ಮಹಡಿ ಎತ್ತರದ ಇಂಜಿನ್!

ಅವತ್ತು ಬಂಗಾಳದ ಹೂಗ್ಲಿ ನದಿಯಲ್ಲಿ ಹಲ್ದಿಯಾ ಬಂದರಿಗೆ ಹೋಗುತ್ತಿದ್ದೆವು. ಹೂಗ್ಲಿ ನೀರು ಅಂದ್ರೆ ಅರ್ಧ ಕೆಸರು. ಹಡಗು ಹೊರಗಿನ ನೀರನ್ನು ಎಳೆದುಕೊಂಡೇ ಇಂಜಿನ್ ತಂಪು ಮಾಡಿಕೊಳ್ಳಬೇಕು. ಆ ನೀರನ್ನು ಸೋಸುವುದು ಸ್ಟ್ರೈನರ್. ಅದು ಕಟ್ಟಿಕೊಂಡರೆ ಜನರೇಟರ್ ಬಿಸಿಯಾಗಿ ನಿಲ್ಲುತ್ತದೆ, ಇಡೀ ಹಡಗು ಕತ್ತಲೆ. ನದಿ ಮಧ್ಯೆ ಹಾಗಾದರೆ ಚುಕ್ಕಾಣಿಯೂ ಕೈಕೊಡಬಹುದು.

ನೀರಿನ ಪ್ರೆಶರ್ ಇಳಿಯತೊಡಗಿತು. ಸೆಕೆಂಡ್ ಇಂಜಿನಿಯರ್ ಹಡಗಿನ ಇನ್ನೊಂದು ಕಡೆಯ ಸೀ ಚೆಸ್ಟ್‌ಗೆ (ಹೊರಗಿನ ನೀರು ಒಳಬರುವ ಪೆಟ್ಟಿಗೆ) ಬದಲಾಯಿಸಿ, ಕಟ್ಟಿದ ಸ್ಟ್ರೈನರ್ ಬಿಚ್ಚಲು ಫಿಟ್ಟರ್ ಜೊತೆ ನನ್ನನ್ನು ಕಳಿಸಿದರು. ಆ ಸ್ಟ್ರೈನರ್‌ನ ಎರಡೂ ಕಡೆಯ ವಾಲ್ವ್ ಮುಚ್ಚಿದೆವು. ಅದರ ಮುಚ್ಚಳದ ಮೇಲೆ ಒಳಗಿನ ಒತ್ತಡ ಬಿಡುವ ಸಣ್ಣ ತೂತು, ವೆಂಟ್, ತೆರೆದೆ. ನಾಲ್ಕು ಹನಿ ಬಿತ್ತು, ನಿಂತಿತು. ಒಳಗೆ ನೀರಿನ ಒತ್ತಡ ಇಲ್ಲ ಅಂತ ಸ್ಪ್ಯಾನರ್ ಹಾಕಿದೆ.

ಫಿಟ್ಟರ್ ನನ್ನ ಕೈ ಹಿಡಿದುಕೊಂಡರು. ಬಂಗಾಳದವರು, ಜಾಸ್ತಿ ಮಾತಿಲ್ಲ. ಒಂದು ತಂತಿ ತುಂಡು ತಂದು ವೆಂಟ್ ತೂತಿನೊಳಗೆ ಚುಚ್ಚಿ ಆಡಿಸಿದರು. ಬೂದು ಬಣ್ಣದ ಕೆಸರಿನ ಎಳೆ ಹೊರಬಂತು. ಅದರ ಹಿಂದೆಯೇ ನೀರು ನನ್ನ ಮುಖಕ್ಕೆ ಚಿಮ್ಮಿತು. ನಿಲ್ಲಲೇ ಇಲ್ಲ.

ವೆಂಟ್ ಕಟ್ಟಿಕೊಂಡಿತ್ತು, ಅಷ್ಟೇ. ವಾಲ್ವ್ ಮುಚ್ಚಿ ಕೂರುವ ಸೀಟಿನಲ್ಲೂ ಕೆಸರು ಸಿಕ್ಕಿ ಅದು ಪೂರ್ತಿ ಮುಚ್ಚಿರಲಿಲ್ಲ. ನದಿಯ ಮಟ್ಟ ನಾವು ನಿಂತ ಜಾಗಕ್ಕಿಂತ ಐದಾರು ಮೀಟರ್ ಮೇಲಿತ್ತು. ನಾನು ನಟ್‌ಗಳನ್ನೆಲ್ಲ ತೆಗೆದಿದ್ದರೆ ಆ ನೀರು ಮುಚ್ಚಳ ಎತ್ತಿ ಒಳಗೆ ನುಗ್ಗುತ್ತಿತ್ತು. ನನ್ನ ಕಾಲು ನಡುಗಿತು.

ಫಿಟ್ಟರ್ ವಾಲ್ವನ್ನು ಮೂರ್ನಾಲ್ಕು ಸಲ ತೆರೆದು ಮುಚ್ಚಿದರು. ಹರಿವಿಗೆ ಸೀಟಿನ ಕೆಸರು ತೊಳೆದು ಹೋಯಿತು, ವೆಂಟ್‌ನ ನೀರು ನಿಂತಿತು. ಮತ್ತೆ ತಂತಿ ಆಡಿಸಿ ನೋಡಿದರು. ಆಮೇಲೂ ನಟ್‌ಗಳನ್ನು ಪೂರ್ತಿ ತೆಗೆಯಲಿಲ್ಲ, ಬರೀ ಸಡಿಲ ಮಾಡಿ ಮುಚ್ಚಳವನ್ನು ಮೀಟಿ ನೋಡಿದರು. ಹೀಗೆ ತಾಳ್ಮೆಯಿಂದ ಕೆಲಸ ಮಾಡುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಳಗೆ ಗದ್ದೆ ಕೆಸರಿನಂಥ ನುಣ್ಣನೆ ಮಣ್ಣು, ಪ್ಲಾಸ್ಟಿಕ್ ಚೂರು, ಬೆರಳುದ್ದದ ಒಂದು ಮೀನು. ಎರಡು ಬಕೆಟ್ ತೆಗೆದೆವು. ಮುಚ್ಚಳ ಬಿಗಿದು ಬೆವರು ಒರೆಸುವಷ್ಟರಲ್ಲಿ ಇನ್ನೊಂದು ಕಡೆಯ ಪ್ರೆಶರ್ ಇಳಿಯತೊಡಗಿತು.

ಈ ಸಲ ಸ್ಪ್ಯಾನರ್‌ಗಿಂತ ಮೊದಲು ತಂತಿ ಹುಡುಕಿದೆ.