ಅಂಬಿಗನಿಗೆ ಹೆಸರಿರಲಿಲ್ಲ

ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಯೊಂದರಲ್ಲಿ ಶನಿವಾರದ ಸಂಜೆಗಳಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ನಡೆಸಿಕೊಡುವುದು ನನ್ನ ಕೆಲಸ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟ ಮಾತಿನಲ್ಲೇ ಕಥೆಯಾಗಿ ಸಾಗುತ್ತದೆ; ಆಟಗಾರರು ತಲಾ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಊರು, ಕಾಡು, ಶತ್ರು, ದಾರಿಹೋಕ ಎಲ್ಲವೂ ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಪಾಲಿಗೆ ಬರುತ್ತವೆ. ಮೂರು ಗಂಟೆಯ ಸೆಷನ್‌ಗೆ ಎಷ್ಟು ಹೊತ್ತು ತಯಾರಿ ಬೇಕೆಂದು ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುತ್ತಾರೆ. ನಾನು ಅವರಿಗೆ ಅಂಬಿಗನ ಪ್ರಸಂಗವನ್ನು ಹೇಳುತ್ತೇನೆ.

ಆ ವಾರ ಎಂಟು ಗಂಟೆ ಕುಳಿತು, ಹೊಳೆಯಾಚೆಯ ಪಾಳುಗುಡಿಯೊಂದರ ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆ ಬರೆದಿದ್ದೆ. ಹನ್ನೊಂದು ಕೋಣೆಗಳು, ಪ್ರತಿ ಕೋಣೆಗೂ ಓದಿ ಹೇಳಲು ಒಂದು ವರ್ಣನೆ, ಗರ್ಭಗುಡಿಯ ಬಾಗಿಲಿಗೆ ಒಂದು ಒಗಟು. ಕಥೆಯಲ್ಲಿ ದೋಣಿ ಹತ್ತುವ ಹೊತ್ತಿಗೆ ಐವರು ಆಟಗಾರರಲ್ಲಿ ಒಬ್ಬರು, ‘ಈ ಅಂಬಿಗನ ಹೆಸರೇನು?’ ಎಂದು ಕೇಳಿದರು. ನನ್ನ ಹಾಳೆಗಳಲ್ಲಿ ಅವನಿಗೆ ಹೆಸರೇ ಇರಲಿಲ್ಲ. ನಾನು ಹಾಳೆಗಳನ್ನು ತಿರುವುತ್ತಿರುವಾಗ ಮೇಜಿನ ಆ ತುದಿಯಲ್ಲಿದ್ದವರು ಫೋನ್ ಕೈಗೆತ್ತಿಕೊಂಡರು. ಕೊನೆಗೆ ಬಾಯಿಗೆ ಬಂದ ಹೆಸರೊಂದನ್ನು ಹೇಳಿದೆ. ಅಲ್ಲಿಂದ ಅವನ ಊರು ಯಾವುದು, ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಮಾತು ಬೆಳೆದು, ಐವರೂ ಗುಡಿಯನ್ನು ಬಿಟ್ಟು ಅವನ ಊರಿಗೆ ಹೊರಟು ನಿಂತರು. ಬರೆದದ್ದು ವ್ಯರ್ಥವಾಗಬಾರದೆಂಬ ಆಸೆಗೆ ನಾನು ಹೊಳೆಗೆ ಪ್ರವಾಹ ತರಿಸಿ, ದೋಣಿಯನ್ನು ಗುಡಿಯ ದಡಕ್ಕೇ ತಂದು ಹಾಕಿದೆ. ಆಟ ಮುಗಿದು ಹೊರಡುವಾಗ ಹೆಸರು ಕೇಳಿದ್ದವರೇ, ‘ನಾವು ಏನು ಮಾಡಿದ್ದರೂ ಅಲ್ಲಿಗೇ ಹೋಗಬೇಕಿತ್ತು, ಅಲ್ಲವೇ ಮೇಡಂ?’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗಾಗಿಯೇ ಆ ಮಾತು ನನ್ನನ್ನು ಹೆಚ್ಚು ಕಾಡಿತು.

ಈಗ ನನ್ನ ತಯಾರಿ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಆಟಗಾರರು ಏನು ಮಾಡುತ್ತಾರೆಂಬುದನ್ನು ನಾನು ಬರೆಯುವುದಿಲ್ಲ. ಅವರು ಬಾರದಿದ್ದರೆ ಆ ಊರಿನ ಮೂರು ನಾಲ್ಕು ಜನ ಮುಂದಿನ ಕೆಲವು ದಿನಗಳಲ್ಲಿ ಏನು ಮಾಡಲಿದ್ದರು, ಯಾರಿಗೆ ಏನು ಬೇಕಾಗಿದೆ ಎಂಬುದನ್ನು ಬರೆದುಕೊಳ್ಳುತ್ತೇನೆ. ಆಟಗಾರರಿಗೆ ತಿಳಿಯಲೇಬೇಕಾದ ಸುದ್ದಿಗಳನ್ನು ಯಾವುದೇ ಒಂದು ಜಾಗಕ್ಕೆ ಕಟ್ಟಿಹಾಕದೆ ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತೇನೆ. ಪೂಜಾರಿಯನ್ನು ಅವರು ಕಾಣದೇ ಹೋದರೆ ಅದೇ ಸುದ್ದಿಯನ್ನು ಸಂತೆಯಲ್ಲಿ ಮೀನು ಮಾರುವವಳು ಹೇಳಬಲ್ಲಳು. ಒಂದು ಚೀಟಿಯಲ್ಲಿ ಹತ್ತು ಹೆಸರುಗಳು ಇದ್ದೇ ಇರುತ್ತವೆ. ಬಳಸಿದ ಹೆಸರಿನ ಮುಂದೆ ಅದು ಯಾರದೆಂದು ಆಗಲೇ ಗುರುತು ಹಾಕಿಕೊಳ್ಳದಿದ್ದರೆ ಮುಂದಿನ ವಾರ ಅಂಬಿಗನ ಹೆಸರು ಕಮ್ಮಾರನದ್ದಾಗಿಬಿಡುತ್ತದೆ, ಮತ್ತು ಆಟಗಾರರು ಅದನ್ನು ಖಂಡಿತ ಗಮನಿಸುತ್ತಾರೆ.

ತಯಾರಿಯೇ ಬೇಡ, ಎಲ್ಲವೂ ಮೇಜಿನ ಮೇಲೇ ಹುಟ್ಟಲಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾದಾಟದ ಅಂಕಿಗಳು ಮೊದಲೇ ಬರೆದಿರಬೇಕು. 2014ರ ಐದನೇ ಆವೃತ್ತಿಯಲ್ಲಿ ಗಾಬ್ಲಿನ್ ಎಂಬ ಪುಟ್ಟ ದುಷ್ಟ ಜೀವಿಗೆ 7 ಹಿಟ್ ಪಾಯಿಂಟ್ (ಅಷ್ಟು ಪೆಟ್ಟು ತಿಂದರೆ ಅದು ಬೀಳುತ್ತದೆ), 15 ಆರ್ಮರ್ ಕ್ಲಾಸ್ (ಅದಕ್ಕೆ ಪೆಟ್ಟು ತಾಗಲು ದಾಳದ ಎಸೆತದ ಮೊತ್ತ ಮುಟ್ಟಬೇಕಾದ ಅಂಕಿ). ಇಪ್ಪತ್ತು ಮುಖದ ದಾಳ ಉರುಳಿದ ಮೇಲೆ ನಾನು ಆ 15ನ್ನು ಮನಸ್ಸಿಗೆ ಬಂದಂತೆ 17 ಮಾಡಿದರೆ, ತಿಂಗಳುಗಟ್ಟಲೆ ಬೆಳೆಸಿದ ಪಾತ್ರವನ್ನು ಪಣಕ್ಕಿಟ್ಟು ಕುಳಿತವರಿಗೆ ಅದು ಅನ್ಯಾಯ. ಉಳಿದ ಪ್ರಯತ್ನಗಳಲ್ಲಿ ಗೆಲ್ಲಲು ಮುಟ್ಟಬೇಕಾದ ಮೊತ್ತ, ಕೆಲಸ ಸುಲಭವಾದರೆ 10, ಸಾಧಾರಣವಾದರೆ 15, ಕಷ್ಟವಾದರೆ 20 ಎಂಬುದು ಬಾಯಿಪಾಠವಾಗಿದ್ದರೆ ಸಾಕು. ಅಚ್ಚಾದ ಕಥೆಯನ್ನು ಆಡಿಸುವವರಿಗೂ ಅದನ್ನು ಎರಡು ಸಲವಾದರೂ ಪೂರ್ತಿ ಓದುವ ಶ್ರಮ ತಪ್ಪಿದ್ದಲ್ಲ.

ಇನ್ನೊಂದು ರೂಢಿಯನ್ನೂ ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ. ದಾಳಗಳನ್ನು ಚೀಲಕ್ಕೆ ಹಾಕುವ ಮುನ್ನ, ಮುಂದಿನ ಶನಿವಾರ ಎಲ್ಲಿಗೆ ಹೊರಡುತ್ತೀರಿ ಎಂದು ಐವರನ್ನೂ ಕೇಳಿ, ಅವರ ಉತ್ತರವನ್ನು ಹೊಸ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡು ಮನೆಗೆ ಹೋಗುತ್ತೇನೆ.