ಎರಡು ದಾರಿಗಳ ಡೇರೆ

ಶೀತಲ ಸಮರವನ್ನು ಕುರಿತು ಯಾರೇ ಹೇಳಹೊರಟರೂ ಮೊದಲು ಭೂಪಟವನ್ನು ಬಿಡಿಸಿಡುತ್ತಾರೆ. ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ, ನಡುವೆ ಯೂರೋಪನ್ನು ಸೀಳಿಕೊಂಡು ಹೋಗುವ ಒಂದು ಗೆರೆ. 1946ರ ಮಾರ್ಚ್ 5ರಂದು ಅಮೆರಿಕದ ಫುಲ್ಟನ್ ಎಂಬ ಸಣ್ಣ ಊರಿನಲ್ಲಿ ಚರ್ಚಿಲ್ ಮಾಡಿದ ಭಾಷಣದಿಂದ ಆ ಗೆರೆಯು ‘ಕಬ್ಬಿಣದ ಪರದೆ’ ಎಂಬ ಹೆಸರಿನಲ್ಲಿ ಜಗಜ್ಜಾಹೀರಾಯಿತು. ಮರುವರ್ಷ ಗ್ರೀಸ್ ಮತ್ತು ಟರ್ಕಿಗಳಿಗೆ ನೆರವು ಕೇಳುತ್ತಾ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಸಂಸತ್ತಿನ ಮುಂದೆ ಜಗತ್ತು ಎರಡು ಬಗೆಯ ಬಾಳ್ವೆಗಳ ನಡುವೆ ಆರಿಸಿಕೊಳ್ಳಬೇಕಾಗಿದೆ ಎಂದರು. ಪಶ್ಚಿಮ ಯೂರೋಪಿಗೆ ಮಾರ್ಷಲ್ ಯೋಜನೆ ಎಂಬ ಅಮೆರಿಕದ ನೆರವಿನ ಸುಮಾರು 1,300 ಕೋಟಿ ಡಾಲರ್ ಹರಿಯಿತು, ಬರ್ಲಿನ್ನಿಗೆ ದಿಗ್ಬಂಧನ ಬಿತ್ತು, 1949ರಲ್ಲಿ ಪಶ್ಚಿಮದ ದೇಶಗಳ ಸೇನಾಕೂಟವಾದ ನ್ಯಾಟೋ ಹುಟ್ಟಿತು, ಅದೇ ವರ್ಷ ಸೋವಿಯತ್ ಒಕ್ಕೂಟದ ಕೈಗೂ ಅಣುಬಾಂಬು ಬಂತು. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿಗಳೇ. ಆದರೆ ಈ ಪೈಪೋಟಿಯ ತಿರುಳನ್ನು ಒಂದೇ ಜಾಗದಲ್ಲಿ ತೋರಿಸಿ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ಬರ್ಲಿನ್ ಗೋಡೆಯನ್ನಾಗಲಿ ಕ್ಯೂಬಾದ ಕ್ಷಿಪಣಿಗಳನ್ನಾಗಲಿ ತೋರಿಸುವುದಿಲ್ಲ. ಕೊರಿಯಾದ ನಡುಪಟ್ಟಿಯಲ್ಲಿ 1953ರ ಚಳಿಗಾಲಕ್ಕೆ ಮುನ್ನ ಹಾಕಿದ್ದ ಕೆಲವು ಡೇರೆಗಳನ್ನು ತೋರಿಸುತ್ತೇನೆ.

ಅಲ್ಲಿಗೆ ಹೋಗುವ ಮೊದಲು ಹೆಸರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಮ್ಯುನಿಸ್ಟ್ ಬಣ ಮತ್ತು ಪ್ರಜಾಪ್ರಭುತ್ವದ ಬಣ ಎಂದು ನಾವು ಸಲೀಸಾಗಿ ವಿಂಗಡಿಸುತ್ತೇವೆ. ಮೊದಲನೆಯ ಹೆಸರು ಬಹುಮಟ್ಟಿಗೆ ಹೊಂದುತ್ತದೆ, ಎರಡನೆಯದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ನ್ಯಾಟೋ ಒಪ್ಪಂದಕ್ಕೆ ಮೊದಲ ದಿನವೇ ಸಹಿ ಹಾಕಿದ ಹನ್ನೆರಡು ದೇಶಗಳಲ್ಲಿ ಸಲಾಜಾರ್‌ನ ಸರ್ವಾಧಿಕಾರದಲ್ಲಿದ್ದ ಪೋರ್ಚುಗಲ್ ಕೂಡ ಒಂದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ತನ್ನ ವಿರೋಧಿಗಳನ್ನು ನಡೆಸಿಕೊಂಡ ರೀತಿಯನ್ನು ಯಾವ ಅರ್ಥದಲ್ಲಿಯೂ ಪ್ರಜಾಪ್ರಭುತ್ವ ಎನ್ನಲಾಗದು. ಹಾಗೆಂದು ಎರಡೂ ಕಡೆ ಒಂದೇ ಎಂದು ತಕ್ಕಡಿ ಸಮ ಮಾಡುವವನು ನಾನಲ್ಲ. ತನ್ನ ಜನ ಹೊರಗೆ ಹೋಗದಂತೆ ಗೋಡೆ ಕಟ್ಟಬೇಕಾಗಿ ಬಂದದ್ದು ಒಂದೇ ಕಡೆಗೆ ಎಂಬುದನ್ನು ಮರೆಯಬಾರದು. ಆದರೂ ಆ ಹೆಸರುಗಳನ್ನು ನಂಬಿ ಕುಳಿತರೆ ಕೊರಿಯಾದಲ್ಲಿ ನಡೆದದ್ದು ನಮಗೆ ಅರ್ಥವಾಗುವುದಿಲ್ಲ.

ಕೊರಿಯಾ ಎರಡಾದ ಬಗೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1945ರ ಆಗಸ್ಟ್ 10ರ ರಾತ್ರಿ ವಾಷಿಂಗ್ಟನ್ನಿನ ಒಂದು ಕೋಣೆಯಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳಿಗೆ, ಜಪಾನ್ ಶರಣಾದ ಮೇಲೆ ಅದರ ಆಳ್ವಿಕೆಯಲ್ಲಿದ್ದ ಕೊರಿಯಾದಲ್ಲಿ ಅಮೆರಿಕದ ಸೈನ್ಯ ಎಲ್ಲಿಯವರೆಗೆ, ಸೋವಿಯತ್ ಸೈನ್ಯ ಎಲ್ಲಿಯವರೆಗೆ ಎಂದು ನಿರ್ಧರಿಸುವ ಕೆಲಸ ಬಂತು. ಕೊರಿಯಾದ ಬಗ್ಗೆ ಅವರಿಗೆ ವಿಶೇಷ ತಿಳಿವಳಿಕೆಯಿರಲಿಲ್ಲ. ಮುಂದಿದ್ದದ್ದು ಒಂದು ಪತ್ರಿಕಾ ಸಂಸ್ಥೆ ಅಚ್ಚು ಹಾಕಿದ್ದ ಸಾಮಾನ್ಯ ಭೂಪಟ, ಕೈಯಲ್ಲಿದ್ದದ್ದು ಸುಮಾರು ಅರ್ಧ ಗಂಟೆ. ರಾಜಧಾನಿ ಸೋಲ್ ತಮ್ಮ ಪಾಲಿಗೆ ಉಳಿಯಲಿ ಎಂದು ಅವರು 38ನೆಯ ಅಕ್ಷಾಂಶವನ್ನು ಆರಿಸಿದರು, ಸ್ಟಾಲಿನ್ ತಕರಾರು ಮಾಡದೆ ಒಪ್ಪಿದರು. ಆ ಗೆರೆ ಬೆಟ್ಟವನ್ನೂ ಹೊಳೆಯನ್ನೂ ಲೆಕ್ಕಿಸದೆ ಹಳ್ಳಿಗಳ ಮೇಲೆ ಹಾದುಹೋಯಿತು. ತಾತ್ಕಾಲಿಕವೆಂದು ಎಳೆದ ಗೆರೆಯ ಎರಡೂ ಬದಿಗೆ ಮೂರು ವರ್ಷಗಳಲ್ಲಿ ಎರಡು ಸರಕಾರಗಳು ತಲೆಯೆತ್ತಿದವು, ಪ್ರತಿಯೊಂದೂ ಇಡೀ ಕೊರಿಯಾ ತನ್ನದೆಂದು ಸಾಧಿಸಿತು.

1950ರ ಜೂನ್ 25ರಂದು ಉತ್ತರದ ಸೈನ್ಯ ಗೆರೆ ದಾಟಿ ನುಗ್ಗಿತು. ಮುಂದಿನ ಒಂದು ವರ್ಷದ ಏರಿಳಿತವನ್ನು ಇಲ್ಲಿ ವಿವರಿಸುವುದಿಲ್ಲ. ದಕ್ಷಿಣದ ನೆರವಿಗೆ ಅಮೆರಿಕದ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಪಡೆ ಬಂತು, ಸೋಲ್ ನಗರ ನಾಲ್ಕು ಬಾರಿ ಕೈ ಬದಲಾಯಿಸಿತು, ಉತ್ತರದ ನೆರವಿಗೆ ಚೀನಾದ ಸೈನ್ಯ ಗಡಿಯ ಯಾಲು ನದಿ ದಾಟಿ ಬಂತು, ಕೊನೆಗೆ ಎರಡೂ ಪಡೆಗಳು ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದು ನಿಂತವು. 1951ರ ಜುಲೈನಲ್ಲಿ ಸಂಧಾನ ಆರಂಭವಾಯಿತು. ಗಡಿರೇಖೆಯ ವಿಚಾರ ಕೆಲವು ತಿಂಗಳುಗಳಲ್ಲಿ ಬಗೆಹರಿಯುವಂತೆ ಕಂಡಿತು. ಹಾಗಿದ್ದರೂ ಯುದ್ಧ ಮತ್ತೆ ಎರಡು ವರ್ಷ ನಡೆಯಲು ಬಹುಮುಖ್ಯ ಕಾರಣವಾದದ್ದು ನೆಲದ ಜಗಳವಲ್ಲ, ಕೈದಿಗಳ ಪ್ರಶ್ನೆ.

1949ರ ಜಿನೀವಾ ಒಪ್ಪಂದದ 118ನೆಯ ವಿಧಿ ಹೇಳುವುದು ಬಹಳ ಸರಳ: ಕಾದಾಟ ನಿಂತ ಕೂಡಲೇ ಯುದ್ಧಕೈದಿಗಳನ್ನು ಬಿಡುಗಡೆ ಮಾಡಿ ಅವರವರ ದೇಶಕ್ಕೆ ಮರಳಿಸಬೇಕು. ಚೀನಾ ಮತ್ತು ಉತ್ತರ ಕೊರಿಯಾ ಈ ವಿಧಿಯನ್ನು ಮುಂದಿಟ್ಟವು. ಟ್ರೂಮನ್ ಒಪ್ಪಲಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಯಾಲ್ಟಾದಲ್ಲಿ ಆದ ಒಪ್ಪಂದದಂತೆ ಬ್ರಿಟನ್ ಮತ್ತು ಅಮೆರಿಕ ತಮ್ಮ ವಶದಲ್ಲಿದ್ದ ಸೋವಿಯತ್ ಪ್ರಜೆಗಳನ್ನು, ಬರಲೊಲ್ಲೆವೆಂದವರನ್ನೂ ಬಲವಂತದಿಂದ ಒಪ್ಪಿಸಿದ್ದವು. ಅವರಲ್ಲಿ ಕೆಲವರು ದಾರಿಯಲ್ಲೇ ಪ್ರಾಣ ಕಳೆದುಕೊಂಡರು, ಬಹಳಷ್ಟು ಮಂದಿ ಶ್ರಮಶಿಬಿರಗಳನ್ನು ಸೇರಿದರು. ಆ ತಪ್ಪು ಮರುಕಳಿಸಬಾರದು, ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ಕಳಿಸಬಾರದು ಎಂಬುದು ಟ್ರೂಮನ್ ನಿಲುವು. ಈ ನಿಲುವಿನಲ್ಲಿ ನಿಜವಾದ ಮಾನವೀಯತೆ ಇತ್ತೆಂದು ನಾನು ಒಪ್ಪುತ್ತೇನೆ. ಕಮ್ಯುನಿಸ್ಟ್ ದೇಶಕ್ಕೆ ಅದರ ಸೈನಿಕರೇ ಬೆನ್ನು ತಿರುಗಿಸಿದರೆಂದು ಲೋಕಕ್ಕೆ ತೋರಿಸುವ ಆಸೆಯೂ ಅಷ್ಟೇ ಇತ್ತು. ಇವೆರಡನ್ನೂ ಬೇರ್ಪಡಿಸುವುದು ಸಾಧ್ಯವಿಲ್ಲ, ಮತ್ತು ಶೀತಲ ಸಮರದ ಕಷ್ಟವೆಲ್ಲ ಇರುವುದು ಅಲ್ಲಿಯೇ.

ಆದರೆ ‘ಇಚ್ಛೆ’ ಎಂಬುದು ಕೊರಿಯಾದ ಕೈದಿ ಶಿಬಿರಗಳಲ್ಲಿ ಹೇಗಿತ್ತು? ದಕ್ಷಿಣ ತೀರದ ಗೋಜೆ ದ್ವೀಪದಲ್ಲಿ ಮುಳ್ಳುತಂತಿಯ ಆವರಣಗಳೊಳಗೆ ಲಕ್ಷಕ್ಕೂ ಮಿಕ್ಕಿ ಕೈದಿಗಳಿದ್ದರು. ಕಾವಲಿನವರು ಬೇಲಿಯ ಹೊರಗಿದ್ದರು, ಬೇಲಿಯೊಳಗೆ ಆಳುತ್ತಿದ್ದವರು ಕೈದಿಗಳ ನಾಯಕರು. ಕೆಲವು ಆವರಣಗಳು ಕಮ್ಯುನಿಸ್ಟರ ಕೈಯಲ್ಲಿದ್ದವು. ಅಂಥ ಒಂದು ಆವರಣದ ಬಾಗಿಲಿಗೆ 1952ರ ಮೇ 7ರಂದು ಮಾತುಕತೆಗೆಂದು ಬಂದ ಶಿಬಿರದ ಮುಖ್ಯಸ್ಥರಾದ ಅಮೆರಿಕನ್ ಜನರಲ್‌ರನ್ನೇ ಕೈದಿಗಳು ಒಳಗೆಳೆದುಕೊಂಡು ಮೂರು ದಿನ ಇಟ್ಟುಕೊಂಡರು. ಇನ್ನು ಕೆಲವು ಆವರಣಗಳು, ಚೀನಾದಲ್ಲಿ ಕಮ್ಯುನಿಸ್ಟರಿಗೆ ಸೋತು ತೈವಾನಿನಲ್ಲಿ ನೆಲೆಸಿದ್ದ ಚಿಯಾಂಗ್ ಕೈ ಷೇಕ್‌ನ ಬೆಂಬಲಿಗರ ಕೈಯಲ್ಲಿದ್ದವು. ಅಲ್ಲಿ ಚೀನೀ ಕೈದಿಗಳ ತೋಳುಗಳಿಗೆ, ಎದೆಗಳಿಗೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಹಚ್ಚೆ ಹಾಕಲಾಯಿತು. ಮನಸಾರೆ ಹಾಕಿಸಿಕೊಂಡವರಿದ್ದರು, ಹಿಡಿದು ಕೂರಿಸಿ ಹಾಕಿಸಿದವರೂ ಇದ್ದರು. ಒಮ್ಮೆ ಹಚ್ಚೆ ಬಿದ್ದ ಮೇಲೆ ಆ ಭೇದಕ್ಕೆ ಅರ್ಥ ಉಳಿಯಲಿಲ್ಲ. ‘ಕಮ್ಯುನಿಸ್ಟರನ್ನು ಎದುರಿಸುತ್ತೇನೆ’ ಎಂದು ಮೈಮೇಲೆ ಬರೆಸಿಕೊಂಡವನು ಯಾವ ಧೈರ್ಯದಿಂದ ಊರಿಗೆ ಮರಳಿಯಾನು? ಮರಳುತ್ತೇನೆಂದು ಬಾಯಿಬಿಟ್ಟವರನ್ನು ಹೊಡೆದ, ಕೊಂದ ಘಟನೆಗಳೂ ನಡೆದವು. ಇಂಥ ವಾತಾವರಣದಲ್ಲಿ 1952ರ ಏಪ್ರಿಲ್‌ನಲ್ಲಿ ಕೈದಿಗಳ ಅಭಿಪ್ರಾಯ ಕೇಳಿದರು. ಸುಮಾರು 1,16,000 ಮಂದಿ ಮರಳಲು ಒಪ್ಪುತ್ತಾರೆಂದು ಅಮೆರಿಕದ ಸಂಧಾನಕಾರರು ಅಂದಾಜು ಕೊಟ್ಟಿದ್ದರು, ಎಣಿಸಿದಾಗ ಸಿಕ್ಕಿದ್ದು ಸುಮಾರು 70,000. ಬೀಜಿಂಗ್ ಇದನ್ನು ಅವಮಾನವೆಂದೇ ತಿಳಿಯಿತು. ಸಂಧಾನ ಮುರಿದುಬಿತ್ತು, ಬೆಟ್ಟಗಳ ಮೇಲೆ ಗುಂಡಿನ ಕಾಳಗ ಮುಂದುವರಿಯಿತು.

ದಾರಿ ತೆರೆಯುವ ಪ್ರಯತ್ನ ಎರಡೂ ಬಣಗಳ ಹೊರಗಿನಿಂದ ಬಂತು. ವಿಶ್ವಸಂಸ್ಥೆಯಲ್ಲಿ ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ ಮಂಡಿಸಿದ ನಿರ್ಣಯವು 1952ರ ಡಿಸೆಂಬರ್ 3ರಂದು 54 ಮತಗಳಿಂದ ಅಂಗೀಕಾರವಾಯಿತು, ಸೋವಿಯತ್ ಬಣದ ಐದು ದೇಶಗಳು ವಿರೋಧಿಸಿದವು. ಕೈದಿಗಳ ಮೇಲೆ ಬಲಪ್ರಯೋಗ ಕೂಡದು, ಅವರನ್ನು ತಟಸ್ಥ ದೇಶಗಳ ಆಯೋಗದ ವಶಕ್ಕೆ ಕೊಡಬೇಕು ಎಂಬುದು ಅದರ ಸಾರ. ಅಂದು ಚೀನಾ ಮತ್ತು ಉತ್ತರ ಕೊರಿಯಾ ತಿರಸ್ಕರಿಸಿದ ಈ ಸೂತ್ರಕ್ಕೆ ಮರುವರ್ಷದ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಬಳಿಕ ಜೀವ ಬಂತು. ಜೂನ್ 8ರಂದು ಕೈದಿಗಳ ಬಗ್ಗೆ ಒಪ್ಪಂದವಾಯಿತು. ಹತ್ತೇ ದಿನಕ್ಕೆ ಸಿಂಗ್ಮನ್ ರೀ ಯಾರನ್ನೂ ಕೇಳದೆ ಸುಮಾರು 27,000 ಉತ್ತರ ಕೊರಿಯನ್ ಕೈದಿಗಳನ್ನು ಶಿಬಿರಗಳಿಂದ ಹೊರಗೆ ಬಿಡಿಸಿ ಎಲ್ಲವನ್ನೂ ಬುಡಮೇಲು ಮಾಡಲು ನೋಡಿದರು. ಆದರೂ ಜುಲೈ 27ರಂದು ಪನ್ಮುಂಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು.

ಮರಳಲು ಒಪ್ಪಿದವರೆಲ್ಲ ಹೋದರು. ಒಲ್ಲೆವೆಂದವರು ದಕ್ಷಿಣದ ಕಡೆಯ ಶಿಬಿರಗಳಿಂದ 22,604 ಮಂದಿ, ಉತ್ತರದ ಕಡೆಯಿಂದ 359 ಮಂದಿ ಉಳಿದರು. ಇವರ ಹೊಣೆ ಹೊತ್ತ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಇದ್ದವು. ಲೆಫ್ಟಿನೆಂಟ್ ಜನರಲ್ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರು. ಎರಡೆರಡು ಮತಗಳು ಎದುರುಬದುರಾದಾಗ ನಿರ್ಣಾಯಕವಾದದ್ದು ಅವರ ಮತ. ಕಾವಲಿಗೆ ಮೇಜರ್ ಜನರಲ್ ಎಸ್. ಪಿ. ಪಿ. ತೋರಾಟ್ ಅವರ ಕೈಕೆಳಗೆ ಸುಮಾರು 6,000 ಭಾರತೀಯ ಸೈನಿಕರು ಬಂದರು. ಅವರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ರೀ ಹಟ ಹಿಡಿದದ್ದರಿಂದ, ಇಂಚಾನ್ ಬಂದರಿನಲ್ಲಿ ನಿಂತ ಹಡಗುಗಳಿಂದ ನೇರವಾಗಿ ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಎರಡೂ ಪಡೆಗಳ ನಡುವಿನ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ತಟಸ್ಥನಿಗೆ ಕಾಲೂರಲು ನೆಲವೂ ಸಿಗದ ಕಾಲ ಅದು.

ಇನ್ನು ಆ ಡೇರೆಗಳು. ಒಪ್ಪಂದದ ಪ್ರಕಾರ ಪ್ರತಿ ಕೈದಿಗೂ ಅವನ ದೇಶದ ಪ್ರತಿನಿಧಿಗಳು ಮರಳಿ ಬಂದರೆ ಏನೂ ತೊಂದರೆಯಿಲ್ಲವೆಂದು ‘ವಿವರಣೆ’ ಕೊಡಲು ತೊಂಬತ್ತು ದಿನಗಳ ಅವಕಾಶವಿತ್ತು. ಕೈದಿಯನ್ನು ಒಳಗೆ ಕರೆತರುತ್ತಿದ್ದರು. ಎದುರಿಗೆ ಮೇಜಿನ ಹಿಂದೆ ಅವನ ಸರಕಾರದ ಅಧಿಕಾರಿಗಳು, ಪಕ್ಕದಲ್ಲಿ ಆಯೋಗದ ಐದು ದೇಶಗಳವರು, ದುಭಾಷಿಗಳು, ಎದುರು ಬಣದ ವೀಕ್ಷಕರು. ಊರಿನಲ್ಲಿ ತಾಯಿತಂದೆ ಕಾಯುತ್ತಿದ್ದಾರೆ, ದೇಶ ಕ್ಷಮಿಸುತ್ತದೆ ಎಂದು ಅಧಿಕಾರಿ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರೆ, ಅನೇಕ ಕೈದಿಗಳು ಕಿವಿ ಮುಚ್ಚಿಕೊಂಡು ಘೋಷಣೆ ಕೂಗುತ್ತಿದ್ದರು, ಉಗಿಯುತ್ತಿದ್ದರು, ಕುರ್ಚಿಯೆತ್ತಿ ಎಸೆಯಲು ಹೋಗುತ್ತಿದ್ದರು. ಭಾರತೀಯ ಜವಾನರು ಅವರನ್ನು ಹಿಡಿದು ಕೂರಿಸಬೇಕಾಗುತ್ತಿತ್ತು. ಹೊರಗೆ ಹೋಗಲು ಎರಡು ದಾರಿಗಳು, ಒಂದು ಊರಿನ ಕಡೆಗೆ, ಇನ್ನೊಂದು ಮರಳಿ ಶಿಬಿರಕ್ಕೆ. ಆ ದೃಶ್ಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಕೂಗುತ್ತಿದ್ದವರ ಬಳಿಯಲ್ಲಲ್ಲ, ಏನೂ ಕೂಗದೆ ಒಂದು ಕ್ಷಣ ನಿಂತು ಎರಡೂ ದಾರಿಗಳನ್ನು ನೋಡಿರಬಹುದಾದವನ ಬಳಿಯಲ್ಲಿ. ಇಪ್ಪತ್ತೋ ಇಪ್ಪತ್ತೆರಡೋ ವರ್ಷದ ಹಳ್ಳಿಯ ಹುಡುಗ. ಅವನನ್ನು ಕೇಳುತ್ತಿರುವುದು ಒಬ್ಬಿಬ್ಬರು ಅಧಿಕಾರಿಗಳಲ್ಲ. ಮಾಸ್ಕೋ, ಬೀಜಿಂಗ್, ವಾಷಿಂಗ್ಟನ್, ತೈಪೆಗಳೆಲ್ಲ ಅವನ ಬಾಯಿಯನ್ನೇ ನೋಡುತ್ತಿವೆ.

ಈ ವ್ಯವಸ್ಥೆ ಪೂರ್ತಿ ನಡೆಯಲೇ ಇಲ್ಲ. ಬಹಳಷ್ಟು ಆವರಣಗಳ ಕೈದಿಗಳು ಹೊರಗೆ ಬರಲು ನಿರಾಕರಿಸಿದರು. ಬಲವಂತ ಮಾಡಿದರೆ ರಕ್ತಪಾತವಾಗುತ್ತದೆಂದು ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಅದಕ್ಕೂ ಮೊದಲೇ ಗಲಭೆಯೊಂದರಲ್ಲಿ ಕಾವಲಿನವರು ಗುಂಡು ಹಾರಿಸಿ ಕೈದಿಗಳು ಸತ್ತಿದ್ದರು. ಡಿಸೆಂಬರ್ 23ಕ್ಕೆ ಅವಧಿ ಮುಗಿದಾಗ ವಿವರಣೆ ಕೇಳಿದ್ದವರು ಸುಮಾರು 3,000 ಮಂದಿ ಮಾತ್ರ. ಉಳಿದವರ ಭವಿಷ್ಯವನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. 1954ರ ಜನವರಿಯಲ್ಲಿ ಕೈದಿಗಳನ್ನು ಅವರನ್ನು ಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಲಾಯಿತು. 14,000ಕ್ಕೂ ಹೆಚ್ಚು ಚೀನೀಯರು ತೈವಾನಿಗೆ ಹೋದರು, ಅಲ್ಲಿ ಅವರನ್ನು ವೀರರಂತೆ ಬರಮಾಡಿಕೊಂಡರು. ಇತ್ತ ಅಮೆರಿಕದ 21 ಮಂದಿ ಮತ್ತು ಬ್ರಿಟನ್ನಿನ ಒಬ್ಬ ಸೈನಿಕ ಚೀನಾಕ್ಕೆ ಹೋದರು. ಆ ಅಮೆರಿಕನ್ನರಲ್ಲಿ ಬಹುಪಾಲು ಮಂದಿ ಮುಂದಿನ ವರ್ಷಗಳಲ್ಲಿ ಮರಳಿ ಬಂದರು. ಎರಡೂ ಬೇಡವೆಂದು, ತಟಸ್ಥ ದೇಶಕ್ಕೆ ಹೋಗುತ್ತೇವೆಂದವರು 88 ಮಂದಿ. ಅವರು ಭಾರತೀಯ ಸೈನಿಕರೊಡನೆ ಭಾರತಕ್ಕೆ ಹಡಗು ಹತ್ತಿದರು, ಕೆಲವರು ಅಲ್ಲಿಂದ ಮುಂದೆ ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಿಗೆ ಹೋದರು. ಇಪ್ಪತ್ತೆರಡು ಸಾವಿರದಲ್ಲಿ ಎಂಬತ್ತೆಂಟು! ಶೀತಲ ಸಮರವು ಮೂರನೆಯ ಉತ್ತರಕ್ಕೆ ಉಳಿಸಿದ್ದ ಜಾಗ ಎಷ್ಟೆಂಬುದಕ್ಕೆ ಇದಕ್ಕಿಂತ ನಿಖರವಾದ ಅಳತೆ ನನಗೆ ಸಿಕ್ಕಿಲ್ಲ. ಅದೇ ವರ್ಷ ಗ್ವಾಟೆಮಾಲಾದಲ್ಲಿ ಭೂಸುಧಾರಣೆಗೆ ಕೈಹಾಕಿದ ಚುನಾಯಿತ ಸರಕಾರವನ್ನು ಅಮೆರಿಕ ಉರುಳಿಸಿತು. ಎರಡು ವರ್ಷದ ನಂತರ ಹಂಗೆರಿ ತಟಸ್ಥವಾಗುತ್ತೇನೆಂದು ಸಾರಿದಾಗ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿನ ಬೀದಿಗಳಿಗೆ ನುಗ್ಗಿದವು. ಗೋಜೆಯ ಬೇಲಿಯೊಳಗೆ ನಡೆದದ್ದೇ ದೇಶದೇಶಗಳ ಮಟ್ಟದಲ್ಲೂ ನಡೆಯಿತು: ನೀನು ಯಾರ ಕಡೆ ಎಂಬ ಪ್ರಶ್ನೆಗೆ, ಯಾರ ಕಡೆಯೂ ಅಲ್ಲ ಎಂಬುದನ್ನು ಉತ್ತರವೆಂದೇ ಎಣಿಸಲಿಲ್ಲ.

ಊರಿನ ದಾರಿಯನ್ನು ಆರಿಸಿಕೊಂಡವರಿಗೂ ಸುಖ ಸಿಗಲಿಲ್ಲ. ಚೀನಾಕ್ಕೆ ಮರಳಿದ ಸುಮಾರು 7,000 ಕೈದಿಗಳನ್ನು, ಶತ್ರುವಿಗೆ ಸೆರೆಸಿಕ್ಕವರು ನಂಬಿಕೆಗೆ ಅರ್ಹರಲ್ಲವೆಂದು ವಿಚಾರಣೆಗೆ ಒಳಪಡಿಸಿದರು. ಪಕ್ಷದ ಸದಸ್ಯರಾಗಿದ್ದ ಬಹಳಷ್ಟು ಮಂದಿಯನ್ನು ಹೊರಹಾಕಿದರು, ಅವರ ಮೇಲಿನ ಕಳಂಕವನ್ನು ಅಧಿಕೃತವಾಗಿ ಅಳಿಸಿದ್ದು 1980ರಲ್ಲಿ. ತೈವಾನಿಗೆ ಹೋದವರು ಮೂವತ್ತಕ್ಕೂ ಹೆಚ್ಚು ವರ್ಷ ಮನೆಯವರ ಮುಖ ನೋಡಲಿಲ್ಲ. 1987ರ ಕೊನೆಯಲ್ಲಿ ಬಂಧುಗಳನ್ನು ನೋಡಲು ಚೀನಾಕ್ಕೆ ಹೋಗಬಹುದೆಂದು ತೈವಾನ್ ಸರಕಾರ ಅನುಮತಿ ಕೊಟ್ಟಾಗ ಅವರೆಲ್ಲ ಮುದುಕರಾಗಿದ್ದರು. ಊರಿಗೆ ಹೊರಡುವ ಮೊದಲು ಅವರಲ್ಲಿ ಕೆಲವರು ಆಸ್ಪತ್ರೆಗೆ ಹೋಗಿ, ತೋಳಿನ ಮೇಲಿದ್ದ ಹಚ್ಚೆಯನ್ನು ಚರ್ಮಸಮೇತ ತೆಗೆಸಿಕೊಂಡರು.