ದುಡ್ಡಿನ ಮಾತು ಏಪ್ರಿಲ್ ತನಕ ಕಾಯಬಾರದಿತ್ತು

ನಾನು ಅಮೆರಿಕದ ಒಂದು ಪಬ್ಲಿಕ್ ಹೈಸ್ಕೂಲಲ್ಲಿ ಕೌನ್ಸೆಲರ್. 11, 12ನೇ ಕ್ಲಾಸಿನ ಮಕ್ಕಳು ಕಾಲೇಜಿಗೆ ಅಪ್ಲೈ ಮಾಡೋವಾಗ ಮೊದಲ ಲಿಸ್ಟಿಂದ ಹಿಡಿದು ಸೀಟು ಖಾತ್ರಿಗೆ ಡೆಪಾಸಿಟ್ ಕಟ್ಟೋ ತನಕ ಜೊತೆಗಿರೋದು ನನ್ನ ಕೆಲಸ. ನಮ್ಮ ಕಡೆಯವರಿಗೆ ಇದನ್ನ ವಿವರಿಸೋದು ಸ್ವಲ್ಪ ಕಷ್ಟ, ಯಾಕಂದ್ರೆ ನಮ್ಮಲ್ಲಿ ಮಾರ್ಕ್ಸ್ ಬಂತು, ರ‍್ಯಾಂಕ್ ಬಂತು, ಸೀಟು ಸಿಕ್ತು ಇಲ್ಲಾ ಸಿಗಲಿಲ್ಲ, ಅಷ್ಟೇ. ಇಲ್ಲಿ ಕಾಮನ್ ಆಪ್ ಅಂತ ಒಂದು ಪೋರ್ಟಲ್ ಇದೆ, ಆಗಸ್ಟ್ 1ಕ್ಕೆ ಓಪನ್ ಆಗುತ್ತೆ, ಅದರಿಂದ 20 ಕಾಲೇಜಿನ ತನಕ ಹಾಕಬಹುದು, ಮಾರ್ಕ್ಸ್ ಜೊತೆಗೆ 650 ಪದದೊಳಗೆ ಒಂದು ಎಸ್ಸೆ, ಟೀಚರ್ ಬರೆದ ಪತ್ರ, ನಾನು ಬರೆದ ಪತ್ರ, ಸ್ಕೂಲ್ ಬಿಟ್ಟ ಮೇಲೆ ನೀನು ಏನೇನ್ ಮಾಡ್ತೀಯ ಅನ್ನೋ ಪಟ್ಟಿ, ಎಲ್ಲ ಹೋಗುತ್ತೆ, ಒಂದೊಂದು ಕಾಲೇಜೂ ಅದನ್ನ ತನ್ನದೇ ರೀತಿ ಓದುತ್ತೆ. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ಎಸ್ಸೆ ತಿದ್ದೋದು, ಪತ್ರ ಚೆನ್ನಾಗಿ ಬರೆಯೋದು, ಒಟ್ಟಲ್ಲಿ ಮಗು ಒಳಗೆ ಹೋದ್ರೆ ನನ್ನ ಕೆಲಸ ಮುಗೀತು ಅಂದ್ಕೊಂಡಿದ್ದೆ.

ಅದು ತಪ್ಪು ಅಂತ ಗೊತ್ತಾಗಿದ್ದು 2023ರಲ್ಲಿ, ಒಬ್ಬ ಹುಡುಗಿಯಿಂದ. ಅಮ್ಮ ಹೋಟೆಲ್ ರೂಮ್ ಕ್ಲೀನ್ ಮಾಡ್ತಾರೆ, ಅಪ್ಪ ಗೋಡೌನಲ್ಲಿ ಲೋಡಿಂಗ್, ಮನೇಲಿ ಕಾಲೇಜು ಮೆಟ್ಟಿಲು ಹತ್ತೋ ಮೊದಲನೇ ಮಗು ಇವಳೇ. ಒಂದು ದೊಡ್ಡ ಪ್ರೈವೇಟ್ ಯೂನಿವರ್ಸಿಟಿಯಿಂದ ಅಡ್ಮಿಟ್ ಬಂತು ಮಾರ್ಚಲ್ಲಿ, ಇಮೇಲ್ ಓಪನ್ ಮಾಡಿದ್ದು ನನ್ನ ರೂಮಲ್ಲೇ, ಇಬ್ರೂ ಅತ್ತೆವು, ಬೋರ್ಡ್ ಮೇಲೆ ಅವಳ ಹೆಸರಲ್ಲಿ ಒಂದು ನಕ್ಷತ್ರ ಅಂಟಿಸಿದೆ. ಏಪ್ರಿಲ್ ಎರಡನೇ ವಾರ ಒಂದು ಪ್ರಿಂಟ್‌ಔಟ್ ನಾಲ್ಕು ಮಡಿಕೆ ಮಾಡಿ ಹಿಡ್ಕೊಂಡು ಬಂದ್ಲು, ಖರ್ಚಿಗೆ ಎಲ್ಲೆಲ್ಲಿಂದ ದುಡ್ಡು ಬರುತ್ತೆ ಅಂತ ಕಾಲೇಜು ಕಳಿಸೋ ಪತ್ರ ಅದು. "ಮಿಸ್, ಅವಾರ್ಡ್ ಲೆಟರ್ ಬಂದಿದೆ, ಎಲ್ಲ ಕೂಡಿಸಿದೆ, ವರ್ಷದ ಪೂರ್ತಿ ಖರ್ಚು 78,000 ಡಾಲರ್ ಕವರ್ ಆಗುತ್ತೆ, ನಾವೇನೂ ಕಟ್ಟೋದು ಬೇಡ ಅಲ್ವಾ?" ಅಂದ್ಲು. ಕೂಡಿಸಿದ್ದು ಸರಿಯಾಗೇ ಇತ್ತು. ಕಾಲೇಜಿನ ಗ್ರಾಂಟ್ 38,000, ಸರ್ಕಾರದ ಪೆಲ್ ಗ್ರಾಂಟ್ 7,395, ವರ್ಕ್ ಸ್ಟಡಿ 2,500, ಸ್ಟೂಡೆಂಟ್ ಲೋನ್ ಎರಡು ಸಾಲಲ್ಲಿ 3,500 ಮತ್ತು 2,000, ಕೊನೇಲಿ ಪೇರೆಂಟ್ ಪ್ಲಸ್ ಅಂತ ಒಂದು ಸಾಲು, 24,605. ಎಲ್ಲದರ ತಲೆ ಮೇಲೂ ಒಂದೇ ಹೆಡ್ಡಿಂಗು, ಅವಾರ್ಡ್. ಪ್ಲಸ್ ಪಕ್ಕದಲ್ಲಿ ಲೋನ್ ಅನ್ನೋ ಪದವೇ ಇರಲಿಲ್ಲ.

ಶುಕ್ರವಾರ ಶಿಫ್ಟ್ ಮುಗಿಸ್ಕೊಂಡು ಅವರಪ್ಪ ಬಂದ್ರು, ಕೆಲಸದ ಜಾಕೆಟ್‌ನಲ್ಲೇ. ನಾನು ಪೆನ್ ತಗೊಂಡು ಮೊದಲೆರಡು ಸಾಲಿಗೆ ರೌಂಡ್ ಹಾಕಿ, ಇದು ಸುಮ್ಮನೆ ಕೊಡೋ ದುಡ್ಡು ಅಂದೆ. ವರ್ಕ್ ಸ್ಟಡಿ ಅಂದ್ರೆ ಅವಳು ಕ್ಯಾಂಪಸ್ಸಲ್ಲಿ ಗಂಟೆ ಲೆಕ್ಕದಲ್ಲಿ ದುಡಿದ ಮೇಲೆ ಕೈಗೆ ಬರೋದು, ಅದೂ ಕೆಲಸ ಸಿಕ್ರೆ. ಆಮೇಲಿನ ಎರಡು ಅವಳ ಹೆಸರಲ್ಲಿ ಸಾಲ. ಅವರು ಕೊನೇ ಸಾಲಿನ ಮೇಲೆ ಬೆರಳಿಟ್ಟು "ಇದನ್ನ ಯಾರು ಕೊಡ್ತಾರೆ?" ಅಂತ ಕೇಳಿದ್ರು. ನೀವೇ, ಸಾಲ ಮಾಡಿ, ಅದೂ ಪಾಸಾದ್ರೆ, ಅಂದೆ. "ಒಂದು ಸಲ?" ಇಲ್ಲ, ವರ್ಷಕ್ಕೆ, ನಾಲ್ಕು ವರ್ಷ. ಅವರು ಏನೂ ಮಾತಾಡಲಿಲ್ಲ, ಆ ಕಾಗದವನ್ನ ಅದೇ ಮಡಿಕೆ ಮೇಲೇ ಮತ್ತೆ ಮಡಚಿ ಮಗಳ ಕೈಗೆ ಕೊಟ್ರು. ಹೆಚ್ಚುಕಡಿಮೆ 1 ಲಕ್ಷ ಡಾಲರ್ ಅದು, ಫೀಸು ಒಂದು ರೂಪಾಯಿನೂ ಏರಲ್ಲ ಅಂತ ಇಟ್ಕೊಂಡ್ರೂ.

ನನಗೆ ಇವತ್ತಿಗೂ ನೋವಾಗೋದು ಲೆಟರ್ ವಿಷಯಕ್ಕಲ್ಲ. ಸ್ಟೇಟ್ ಯೂನಿವರ್ಸಿಟಿಲೂ ಅವಳಿಗೆ ಸೀಟಿತ್ತು, ಅಲ್ಲಿ ಒಂದು ಒಳ್ಳೆ ಸ್ಕಾಲರ್‌ಶಿಪ್ ಇತ್ತು, ಅದರ ಡೆಡ್‌ಲೈನ್ ಡಿಸೆಂಬರ್ 1. ನವೆಂಬರಲ್ಲಿ ಅವಳು ಅದನ್ನ ಹಾಕ್ಲಾ ಅಂತ ಕೇಳಿದ್ದಳು, ಈಗ ಎಸ್ಸೆ ಕಡೆ ಗಮನ ಕೊಡು ಅಂತ ಹೇಳಿದ್ದು ನಾನು. ಅವಳ ಮನೆಯಿಂದ ವರ್ಷಕ್ಕೆ ಎಷ್ಟು ಕೊಡೋಕಾಗುತ್ತೆ ಅಂತ ಒಂದೇ ಒಂದು ಸಲ ನಾನು ಕೇಳಿದ್ದಿದ್ರೆ ಆ ಮಾತು ನನ್ನ ಬಾಯಿಂದ ಬರ್ತಿರಲಿಲ್ಲ. ಸ್ಕಾಲರ್‌ಶಿಪ್ ಇಲ್ಲದೆ ಸ್ಟೇಟ್ ಯೂನಿವರ್ಸಿಟಿ ಹಾಸ್ಟೆಲ್ ಖರ್ಚೂ ಅವರಿಗೆ ಭಾರ, ಕೊನೆಗೆ ಕಮ್ಯುನಿಟಿ ಕಾಲೇಜಿಗೆ, ಅಂದ್ರೆ ಕಡಿಮೆ ಫೀಸಿನ ಎರಡು ವರ್ಷದ ಊರಿನ ಕಾಲೇಜಿಗೆ ಸೇರಿದ್ಲು, ಎರಡು ವರ್ಷ ಆದ್ಮೇಲೆ ಟ್ರಾನ್ಸ್‌ಫರ್ ಆಗೋ ದಾರಿ. ಅದು ಒಳ್ಳೆ ದಾರಿನೇ, ಎಷ್ಟೋ ಮಕ್ಕಳಿಗೆ ನಾನೇ ಅದನ್ನ ಮೊದಲ ಆಯ್ಕೆಯಾಗಿ ಹೇಳ್ತೀನಿ, ಆದ್ರೆ ಆರಿಸ್ಕೊಂಡು ಹೋಗೋದು ಬೇರೆ, ಬೇರೆ ಬಾಗಿಲೆಲ್ಲ ಮುಚ್ಚಿದ ಮೇಲೆ ಹೋಗೋದು ಬೇರೆ.

ಆ ಹುಡುಗಿಗೆ ಲೆಟರ್ ಓದೋಕೆ ಬರಲಿಲ್ಲ ಅಂತ ಯಾರೂ ಅಂದ್ಕೋಬೇಡಿ. ಫೆಡರಲ್ ಸರ್ಕಾರದ ಲೆಕ್ಕಪತ್ರ ನೋಡೋ ಸಂಸ್ಥೆ, ಜಿಎಒ, 2022ರಲ್ಲಿ ಇಂಥ ಲೆಟರ್‌ಗಳನ್ನೇ ತೆಗೆದು ನೋಡಿತ್ತು, 91 ಪರ್ಸೆಂಟ್ ಕಾಲೇಜುಗಳು ಮನೆಯವರು ನಿಜವಾಗಿ ಕಟ್ಟಬೇಕಾದ ಮೊತ್ತವನ್ನ ಒಂದೋ ಹೇಳೋದೇ ಇಲ್ಲ ಇಲ್ಲಾ ಕಡಿಮೆ ಮಾಡಿ ತೋರಿಸ್ತವೆ ಅಂತ ಗೊತ್ತಾಯ್ತು. 17 ವರ್ಷದ ಮಗು ಅದನ್ನ ಓದಿ ಬಿಡಿಸ್ಬೇಕು ಅಂದ್ರೆ ಹೇಗೆ.

ಆವತ್ತಿಂದ ನನ್ನ ಕ್ರಮನೇ ಬದಲಾಯ್ತು. ಈಗ ಸೆಪ್ಟೆಂಬರಲ್ಲೇ ಮನೆಯವರನ್ನ ಕರೀತೀನಿ, ಎಸ್ಸೆ ಮಾತು ಎತ್ತೋಕ್ಕಿಂತ ಮುಂಚೆ. ಅರ್ಧ ಗಂಟೆ, ಅಪ್ಪ ಅಮ್ಮ ಇಬ್ರಲ್ಲಿ ಯಾರಾದ್ರೂ ಒಬ್ರು, ಟ್ಯಾಕ್ಸ್ ರಿಟರ್ನ್ ಜೊತೆ. ಸರ್ಕಾರದ ಸ್ಟೂಡೆಂಟ್ ಏಡ್ ತಗೊಳ್ಳೋ ಪ್ರತಿ ಕಾಲೇಜಿನ ವೆಬ್‌ಸೈಟಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ಮನೆ ಆದಾಯ ತುಂಬಿದ್ರೆ ಸಹಾಯ ಕಳೆದು ಎಷ್ಟು ಕಟ್ಟಬೇಕಾಗಬಹುದು ಅಂತ ತೋರಿಸೋದು) ಇರಲೇಬೇಕು ಅಂತ 2011ರಿಂದ ರೂಲ್ ಇದೆ, ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಹುಡುಕಬೇಕು ಅಷ್ಟೆ. ಲಿಸ್ಟಲ್ಲಿರೋ ಒಂದೊಂದು ಕಾಲೇಜಿಗೂ ಅದನ್ನ ಅವರ ಎದುರಿಗೇ ತುಂಬಿ, ಬಂದ ನಂಬರನ್ನ ಕಾಲೇಜಿನ ಹೆಸರಿನ ಪಕ್ಕ ಪೆನ್ಸಿಲ್ಲಲ್ಲಿ ಬರೀತೀವಿ. ಅಂದಾಜು ಅದು, ಅಪ್ಪ ಅಮ್ಮ ಬೇರೆ ಇದ್ರೆ, ಸ್ವಂತ ವ್ಯಾಪಾರ ಇದ್ರೆ ಸುಮಾರು ತಪ್ಪೂ ಆಗುತ್ತೆ, ಆದ್ರೂ ಏಪ್ರಿಲಲ್ಲಿ ಸಿಡಿಲು ಬಡಿದ ಹಾಗೆ ಆಗಲ್ಲ. ಎಷ್ಟೋ ಸಲ ಉಲ್ಟಾನೂ ಆಗುತ್ತೆ, ವರ್ಷಕ್ಕೆ 80,000 ಡಾಲರಿಗಿಂತ ಜಾಸ್ತಿ ಬೆಲೆ ಹಾಕ್ಕೊಂಡಿರೋ ಕಾಲೇಜು ಕಡಿಮೆ ಆದಾಯದ ಮನೆಗೆ ಹತ್ತಿರದ ಸರ್ಕಾರಿ ಕಾಲೇಜಿಗಿಂತ ಕಡಿಮೆಗೆ ಬರುತ್ತೆ, ಅದನ್ನ ನೋಡಿ ಆ ಅಮ್ಮಂದಿರ ಮುಖ ಹೇಗಾಗುತ್ತೆ ಅಂತ ನೀವು ನೋಡಬೇಕು.

ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಇನ್ನೂ ಕಷ್ಟ. ಕನ್ನಡ ಕೂಟದಲ್ಲಿ ಸಿಕ್ಕಿದವರು ಪಕ್ಕಕ್ಕೆ ಕರ್ಕೊಂಡು ಹೋಗಿ "ಅಕ್ಕಾ, ಯಾವುದಕ್ಕೆ ಹಾಕಿದ್ರೆ ಒಳ್ಳೇದು" ಅಂತ ಕೇಳ್ತಾರೆ, ನಾನು ಎಷ್ಟು ಖರ್ಚು ಮಾಡಬಹುದು ಅಂತ ಕೇಳಿದ್ರೆ "ಅದೇನಾದ್ರೂ ಮಾಡೋಣ, ಮಗು ಎದುರಿಗೆ ಬೇಡ" ಅಂತಾರೆ. ಪ್ರೀತಿಯಿಂದಾನೇ ಹೇಳೋದು, ಗೊತ್ತು. ಒಬ್ರು, ಗಂಡ ಹೆಂಡತಿ ಇಬ್ರೂ ಐಟಿಲಿ ಇರೋರು, ಮಗ ಓದೋದ್ರಲ್ಲಿ ಎಲ್ಲರಿಗಿಂತ ಮುಂದೆ ಇದ್ದಾನೆ, ಐವಿ ಲೀಗಲ್ಲಿ (ಹಾರ್ವರ್ಡ್, ಯೇಲ್ ಥರದ ಎಂಟು ಹೆಸರಾಂತ ಯೂನಿವರ್ಸಿಟಿಗಳ ಗುಂಪು) ಮೆರಿಟ್ ಸ್ಕಾಲರ್‌ಶಿಪ್ ಬರುತ್ತೆ ಅಂತ ಧೈರ್ಯವಾಗಿದ್ರು. ಐವಿ ಕಾಲೇಜುಗಳು ಮೆರಿಟ್ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ, ಮನೆ ಆದಾಯ ನೋಡಿ ಅಗತ್ಯ ಇದ್ರೆ ಮಾತ್ರ ಸಹಾಯ, ಅಂತ ಹೇಳಿದಾಗ ಅವರು ಫೋನಲ್ಲಿ ಒಂದು ನಿಮಿಷ ಸುಮ್ಮನಾದ್ರು. ಅದೂ ಅರ್ಲಿ ಡಿಸಿಷನ್ ಹಾಕೋಕೆ ಎರಡು ವಾರ ಇರುವಾಗ. ಅರ್ಲಿ ಡಿಸಿಷನ್ ಅಂದ್ರೆ ಸಿಕ್ರೆ ಹೋಗೇ ಹೋಗ್ತೀನಿ ಅನ್ನೋ ಮಾತು, ವಿದ್ಯಾರ್ಥಿ, ಅಪ್ಪ ಅಥವಾ ಅಮ್ಮ, ಕೌನ್ಸೆಲರ್, ಮೂರೂ ಜನ ಸೈನ್ ಹಾಕ್ತೀವಿ. ದುಡ್ಡು ಸಾಲೋದಿಲ್ಲ ಅಂದ್ರೆ ಬಿಡಿಸ್ಕೋಬಹುದು, ಆದ್ರೆ ಬೇರೆ ಕಾಲೇಜಿನ ಆಫರ್ ಜೊತೆ ಹೋಲಿಸಿ ನೋಡೋ ಅವಕಾಶ ಹೋಯ್ತು. ಕ್ಯಾಲ್ಕುಲೇಟರ್ ಪ್ರಿಂಟ್ ತೋರಿಸದೆ ನಾನು ಈಗ ಆ ಫಾರ್ಮಿಗೆ ಸೈನ್ ಹಾಕಲ್ಲ, ಕೆಲವರಿಗೆ ಬೇಜಾರಾಗುತ್ತೆ, ಆಗಲಿ.

 

ಈ ಸೆಪ್ಟೆಂಬರ್ ಮೀಟಿಂಗಿಂದ ನಾನು ಎಣಿಸದೇ ಇದ್ದ ಇನ್ನೊಂದು ಲಾಭ ಆಯ್ತು. ಒಬ್ಬ ಹುಡುಗ, ಮಾತು ಕಡಿಮೆ, ಗಣಿತ ಚೆನ್ನಾಗಿ ಮಾಡ್ತಾನೆ. ಕಾಮನ್ ಆಪಲ್ಲಿ ಚಟುವಟಿಕೆ ಬರೆಯೋಕೆ 10 ಜಾಗ ಇರುತ್ತೆ, ಇವನು ಪೂರ್ತಿ ಖಾಲಿ ಬಿಟ್ಟಿದ್ದ. ಸ್ಪೋರ್ಟ್ಸ್? ಇಲ್ಲ ಮಿಸ್. ಕ್ಲಬ್? ಇಲ್ಲ ಮಿಸ್. ನಾನೂ ಬೇರೆ ಯಾವಾಗಾದ್ರೂ ಆಗಿದ್ರೆ ಅಷ್ಟಕ್ಕೇ ಬಿಡ್ತಿದ್ನೇನೋ. ದುಡ್ಡಿನ ಮೀಟಿಂಗಿಗೆ ಅವರಮ್ಮ ಬಂದಾಗ ದೂರದ ಕಾಲೇಜಿನ ಹೆಸರು ಬಂತು, ಅವರು ತಟ್ಟನೆ "ಇವನು ಹೋದ್ರೆ ನನಗೆ ನೈಟ್ ಶಿಫ್ಟ್ ಮಾಡೋಕಾಗಲ್ಲ" ಅಂದ್ರು. ಹುಡುಗ ನೆಲ ನೋಡ್ತಾ ಕೂತಿದ್ದ. ಆಮೇಲೆ ಅವನನ್ನ ಒಬ್ಬನೇ ಕೂರಿಸ್ಕೊಂಡು ಬೆಲ್ ಆದ್ಮೇಲೆ ಮಲಗೋ ತನಕ ಏನೇನ್ ಮಾಡ್ತೀಯ ಒಂದೊಂದಾಗಿ ಹೇಳು ಅಂದೆ. 3 ಗಂಟೆಗೆ ತಮ್ಮನನ್ನ ಸ್ಕೂಲಿಂದ ಕರ್ಕೊಂಡು ಬರೋದು, ತಂಗಿಯನ್ನ ಡೇಕೇರಿಂದ, ಅಡುಗೆ, ಅವರ ಹೋಂವರ್ಕ್, ಅಜ್ಜಿಯ ಶುಗರ್ ಚೆಕ್ ಮಾಡಿ ಬರೆದಿಡೋದು, ಆಮೇಲೆ ತನ್ನ ಓದು. ವಾರಕ್ಕೆ 30 ಗಂಟೆ ಆಗುತ್ತೆ. "ಇದು ಚಟುವಟಿಕೆ ಅಲ್ಲ ಅಲ್ವಾ ಮಿಸ್, ಮನೆ ಕೆಲಸ" ಅಂದ.

ಕಾಮನ್ ಆಪಲ್ಲಿ ಕುಟುಂಬದ ಜವಾಬ್ದಾರಿ ಅಂತಾನೇ ಒಂದು ವಿಭಾಗ ಇದೆ, ಡ್ರಾಪ್‌ಡೌನಲ್ಲಿ ಕೆಳಗೆ ಹೋಗಿ ನೋಡಬೇಕು. ಆದ್ರೆ ವಿವರಣೆಗೆ ಕೊಡೋದು 150 ಅಕ್ಷರ, ಸ್ಪೇಸ್ ಕಾಮಾ ಎಲ್ಲ ಸೇರಿ. ಅವನು ಮೊದಲು ಬರೆದಿದ್ದು "ತಮ್ಮ ತಂಗಿಗೆ ಸಹಾಯ ಮಾಡ್ತೀನಿ" ಅಂತ ಅಷ್ಟೇ. ಸಹಾಯ ತೆಗಿ, ಏನು ಮಾಡ್ತೀಯೋ ಅದನ್ನ ಬರಿ ಅಂದೆ. ಎಷ್ಟು ಜನ, ಅವರ ವಯಸ್ಸೆಷ್ಟು, ವಾರಕ್ಕೆ ಎಷ್ಟು ಊಟ, ಅಜ್ಜಿಯ ಗ್ಲೂಕೋಸ್ ನೋಟ್‌ಬುಕ್ಕು. 40 ನಿಮಿಷ ಇಬ್ರೂ ಅಕ್ಷರ ಎಣಿಸಿ ಎಣಿಸಿ ಕತ್ತರಿಸಿದೆವು, 149ಕ್ಕೆ ನಿಂತಿತು. ಅವನು ಅದನ್ನ ಸ್ಕ್ರೀನಲ್ಲಿ ಎರಡು ಸಲ ಓದಿದ. ನನ್ನ ಪತ್ರದಲ್ಲೂ ಆ ನೋಟ್‌ಬುಕ್ಕಿನಿಂದಲೇ ಶುರು ಮಾಡಿದೆ. ನಮ್ಮ ವೃತ್ತಿಯ ಸಂಘ ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಇರಬೇಕು ಅನ್ನುತ್ತೆ, ನನ್ನ ಹತ್ರ 400ರ ಮೇಲಿದ್ದಾರೆ, ಎಲ್ಲರ ಬಗ್ಗೆನೂ ಹೀಗೆ ಬರೆಯೋಕೆ ಸಾಧ್ಯ ಆಗ್ತಿಲ್ಲ ಅನ್ನೋದು ನನಗೆ ನಿಜವಾದ ಕೊರಗು. ಅವನ ಲಿಸ್ಟೂ ಬದಲಾಯ್ತು, ದೂರದ್ದು ಎರಡು ಇಟ್ಕೊಂಡು, ಮನೆಯಿಂದ ಬಸ್ಸಲ್ಲಿ ಹೋಗಿ ಬರೋ ಹಾಗಿರೋದು ಮೂರು ಸೇರಿಸಿದೆವು.

ದುಡ್ಡಿನ ಫಾರ್ಮಿನ ಬಗ್ಗೆನೂ ಹೇಳ್ಬೇಕು. ಫಾಫ್ಸಾ ಅಂತ ಕಾಲೇಜು ಖರ್ಚಿಗೆ ಸಹಾಯ ಕೇಳೋ ಸರ್ಕಾರದ ಅರ್ಜಿ, ಮಾಮೂಲಿಯಾಗಿ ಅಕ್ಟೋಬರ್ 1ಕ್ಕೆ ಶುರುವಾಗೋದು. 2024ರಲ್ಲಿ ಕಾಲೇಜು ಸೇರಬೇಕಿದ್ದ ಬ್ಯಾಚಿಗೆ ಹೊಸ ಫಾರ್ಮ್ ತರ್ತೀವಿ ಅಂತ ಡಿಸೆಂಬರ್ ಕೊನೆಗೆ ಬಂತು, ಮಾಹಿತಿ ಕಾಲೇಜುಗಳಿಗೆ ಹೋಗೋಕೆ ಶುರುವಾಗಿದ್ದೇ ಮಾರ್ಚಲ್ಲಿ, ಸೋಶಿಯಲ್ ಸೆಕ್ಯೂರಿಟಿ ನಂಬರ್ (ಇಲ್ಲಿಯ ಸರ್ಕಾರದ ಗುರುತಿನ ನಂಬರ್) ಇಲ್ಲದ ಅಪ್ಪ ಅಮ್ಮಂದಿರು ಅಕೌಂಟ್ ವೆರಿಫೈ ಆಗದೆ ವಾರಗಟ್ಟಲೆ ಸಿಕ್ಕಿಹಾಕ್ಕೊಂಡ್ರು. ನನ್ನ ರೂಮಲ್ಲಿ ಒಬ್ರು ತಾಯಿ ಸಂಜೆ 6ರ ತನಕ ಕೂತು ಅದೇ ಎರರ್ ಐದು ಸಲ ನೋಡಿ, "ನನ್ನಿಂದ ಇವಳಿಗೆ ತೊಂದರೆ ಆಗ್ತಿದೆಯಾ" ಅಂತ ಕೇಳಿದ್ರು. ಇಲ್ಲ, ಫಾರ್ಮ್ ಸರಿಯಿಲ್ಲ, ನೀವು ಸರಿಯಾಗೇ ಇದ್ದೀರಿ ಅಂತ ಜೋರಾಗಿ ಹೇಳಿದೆ, ಮಗಳಿಗೂ ಕೇಳಿಸ್ಲಿ ಅಂತ.

ಇದನ್ನ ಓದ್ತಿರೋರ ಮನೇಲಿ ಮಗು ಇಲ್ಲಿ 9ನೇ ಅಥವಾ 10ನೇ ಕ್ಲಾಸಲ್ಲಿದ್ರೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಫಾಫ್ಸಾ ನೋಡೋದು ಈ ವರ್ಷದ ಆದಾಯ ಅಲ್ಲ, ಎರಡು ವರ್ಷ ಹಿಂದಿಂದು. ಮೊದಲನೇ ವರ್ಷದ ಕಾಲೇಜಿಗೆ ಲೆಕ್ಕಕ್ಕೆ ಬರೋದು ಮಗು 10ನೇ ಕ್ಲಾಸಲ್ಲಿರೋ ಜನವರಿಯಿಂದ 11ನೇ ಕ್ಲಾಸಲ್ಲಿರೋ ಡಿಸೆಂಬರ್ ತನಕದ ಸಂಪಾದನೆ. ಆ ವರ್ಷ ಶೇರು ಮಾರಿದ್ರೆ, ದೊಡ್ಡ ಬೋನಸ್ ಬಂದಿದ್ರೆ ಅದೂ ಸೇರುತ್ತೆ. ಆ ವರ್ಷ ಆದ್ಮೇಲೆ ಕೆಲಸ ಹೋದ್ರೆ ಗಾಬರಿ ಬೇಡ, ಕಾಲೇಜಿನ ಏಡ್ ಆಫೀಸಿಗೆ ಕಾಗದಪತ್ರ ಕೊಟ್ಟು ಮತ್ತೆ ಲೆಕ್ಕ ಹಾಕಿ ಅಂತ ಕೇಳಬಹುದು, ಹಾಗೆ ಬದಲಾಯಿಸೋ ಅಧಿಕಾರ ಅವರಿಗಿದೆ, ಆದ್ರೆ ನೀವೇ ಕೇಳಬೇಕು, ಅವರಾಗೇ ಫೋನ್ ಮಾಡಲ್ಲ. ಹೋದ ವರ್ಷ ಇಂಥ ಮೂರು ಪತ್ರಕ್ಕೆ ನಾನು ಜೊತೆಗೆ ಕೂತೆ, ಎರಡಕ್ಕೆ ಗ್ರಾಂಟ್ ಜಾಸ್ತಿ ಮಾಡಿದ್ರು, ಮೂರನೇದಕ್ಕೆ ಆಗಲ್ಲ ಅಂದ್ರು. ಆ ಮೂರನೇ ಮನೆಯವರ ಲಿಸ್ಟಲ್ಲಿ ಪೆನ್ಸಿಲ್ಲಲ್ಲಿ ಬರೆದ ಇನ್ನೊಂದು ನಂಬರ್ ಇತ್ತು, ಮಗಳು ಆ ಕಾಲೇಜಿಗೆ ಏಪ್ರಿಲ್ 28ಕ್ಕೆ ಡೆಪಾಸಿಟ್ ಕಟ್ಟಿದ್ಲು.